ಗಾಲಿಗೆ ಟೊಪ್ಪಿಗೆ

ಜೀಪಿಗೆ ನಾನೂರೈವತ್ತು ರೂಪಾಯಿ. ಅದನ್ನು ಪುಣೆಯಿಂದ ಧಾರವಾಡಕ್ಕೆ ರೈಲಿನ ಮೇಲೆ ತರಲು ಐವತ್ತೆಂಟು. ಹಳೆಯ ಟೈರು ನಾಲ್ಕು, ಬ್ಯಾಟರಿ ಒಂದು... ಅಲ್ಲಿಗೆ ಗೋದಾಬಾಯಿ ಲೆಕ್ಕ ನಿಲ್ಲಿಸಿದ್ದಳು. ಆಗಲೇ ಆರು ತೊಲೆ ಬಂಗಾರ ಮೀರಿತ್ತು. ಮುಂದೆ ಎಣಿಸಿದರೆ ಗಂಡನ ಮೇಲೆ ಸಿಟ್ಟು ಬರುತ್ತಿತ್ತು, ಸಿಟ್ಟು ಬಂದರೆ ಅಡಿಗೆ ಕೆಡುತ್ತಿತ್ತು.

ಗಂಡ ಯಜ್ಞೇಶ್ವರರಾಯರು ಕೋರ್ಟಿನಲ್ಲಿ ನಾಜರರಾಗಿ ದುಡಿದು ನಿವೃತ್ತರಾದವರು. ಜನ್ಮವಿಡೀ ಬೇರೆಯವರ ಜಪ್ತಿ ಸಾಮಾನು ಕಾದ ಮನುಷ್ಯನಿಗೆ ತನ್ನದೊಂದು ಸಾಮಾನು ಇರಲಿ ಎನಿಸಿತೋ ಏನೋ, ಯುದ್ಧ ಮುಗಿದು ಮಿಲಿಟರಿಯವರು ಹಳೆಯ ಗಾಡಿಗಳನ್ನು ಲಿಲಾವು ಮಾಡಿದಾಗ ಹೋಗಿ ಸವಾಲು ಕೂಗಿ ಇದನ್ನು ಹಿಡಿದರು. ಹಸಿರು ಮೈ, ದುಂಡಗಿನ ಎರಡು ಕಣ್ಣು. ಗೋದಾಬಾಯಿ ಅದಕ್ಕೆ ಕಪ್ಪಿ ಎಂದು ಹೆಸರಿಟ್ಟಳು. ಕಪ್ಪಿ ತಿಂಗಳುಗಟ್ಟಲೆ ಹಿತ್ತಲಿನ ಪೇರಲ ಗಿಡದ ಕೆಳಗೆ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು.

ರವಿವಾರಕ್ಕೊಮ್ಮೆ ಹುಬ್ಬಳ್ಳಿಯ ಕಮರಿಪೇಟೆಯಿಂದ ಗುಲಾಬಸಾಬ ರೈಲು ಹಿಡಿದು ಬರುತ್ತಿದ್ದ. ಮೋಟಾರು ರಿಪೇರಿ ಅವನ ಹೊಟ್ಟೆಪಾಡು. ಇದು ಮಾತ್ರ ಚಟ.

"ರೊಕ್ಕ ತಗೊಂಡ್ರ ಇದೂ ಕೆಲಸ ಆಗ್ತೈತ್ರಿ ಬಾಯಾರ. ಆಮ್ಯಾಲ ರವಿವಾರ ನಾ ಎಲ್ಲಿಗಿ ಹೋಗ್ಲಿ?" ಎನ್ನುತ್ತಿದ್ದ.

ಇಬ್ಬರೂ ಸೇರಿ ಎಂಜಿನ್ ಬಿಚ್ಚಿದರು, ಕೂಡಿಸಿದರು, ಒಂದು ಬೋಲ್ಟು ಉಳಿಯಿತೆಂದು ಮತ್ತೆ ಬಿಚ್ಚಿದರು. ಹಿಂದಿನ ಕಬ್ಬಿಣದ ಆಸನಕ್ಕೆ ತೆಂಗಿನ ನಾರಿನ ಗಾದಿ ಬಂತು, ಗೋದಾಬಾಯಿಗೆ ಹತ್ತಲು ಮೆಟ್ಟಿಲು ಬಂತು. ಕಡೆಗೊಂದು ದಿನ ಲಕಮನಹಳ್ಳಿ ಕಡೆಯ ದಿಬ್ಬಕ್ಕೆ ಒಯ್ದು ಏರಿಸಿ ಇಳಿಸಿ ತಂದಾಗ ಕೆಸರು ಸಿಡಿದು ರಾಯರ ಧೋತರ ಪೂರ್ತಿ ಕೆಂಪಗಾಗಿತ್ತು.

"ನನ್ನ ಸೀರಿಗೂ ಹಿಂಗs ಸಿಡಿಯೂದಾದ್ರ ನಾ ಇದರಾಗ ಕಾಲಿಡಂಗಿಲ್ಲ," ಎಂದಳು ಗೋದಾಬಾಯಿ.

ರಾಯರು ಅದನ್ನು ಮನಸ್ಸಿಗೆ ಹಚ್ಚಿಕೊಂಡರು. ಎರಡು ತಿಂಗಳು ಕೂತು ನಾಲ್ಕೂ ಗಾಲಿಗೆ ತಗಡಿನ ಟೊಪ್ಪಿಗೆ ಮಾಡಿದರು. ಟೈರಿಗೂ ತಗಡಿಗೂ ನಡುವೆ ಬೆರಳು ತೂರುವಷ್ಟೇ ಸಂದು. ಗುಲಾಬಸಾಬ ರಿವಿಟ್ ಹೊಡೆದ. ಅಂಚಿನಲ್ಲಿ ರಾಯರೇ ಬಿಳಿ ಬಣ್ಣದಲ್ಲಿ ಬಳ್ಳಿ ಬರೆದರು. ಮತ್ತೆ ಲಕಮನಹಳ್ಳಿ ದಿಬ್ಬ ಹತ್ತಿ ಬಂದರೆ ಒಂದು ಹನಿ ಸಿಡಿದಿರಲಿಲ್ಲ. ಗೋದಾಬಾಯಿ ಹೊಗಳಲಿಲ್ಲ; ಅವತ್ತು ಶಿರಾ ಮಾಡಿದಳು, ಅಷ್ಟೇ.

ಶ್ರಾವಣ ಬಂತು. ಮಗಳು ಮಂದಾಕಿನಿಯನ್ನು ಉಪ್ಪಿನಬೆಟಗೇರಿಯ ಕುಲಕರ್ಣಿಯವರ ಮನೆಗೆ ಕೊಟ್ಟ ಮೇಲೆ ಇದು ಮೊದಲ ಪಂಚಮಿ. ಹೆಣ್ಣುಮಗಳು ಪಂಚಮಿಗೆ ತವರಿಗೆ ಬರಬೇಕು, ಆದರೆ ತಾನಾಗಿ ಬರುವಂತಿಲ್ಲ. ತವರಿನವರು ಹೋಗಿ ಕರೆತರಬೇಕು. ಮಳೆ ಹಿಡಿದು ಬಸ್ಸು ನಿಂತಿತ್ತು. ಎರಡು ಪಟ್ಟು ಬಾಡಿಗೆ ಕೊಟ್ಟರೂ ಎತ್ತಿನ ಚಕ್ಕಡಿಯವರು ಒಲ್ಲೆನ್ನುತ್ತಿದ್ದರು. ಸಂತೆಗೆ ನಡೆದೇ ಬಂದಿದ್ದ ಬೀಗರ ಆಳು ಸುದ್ದಿ ಮುಟ್ಟಿಸಿದ.

"ನಾಗಪ್ಪಗ ಹಾಲೆರಿಯೂದರೊಳಗ ಯಾರರ ಬಂದ್ರ ಕಳಸ್ತಾರಂತ್ರಿ. ಇಲ್ಲಂದ್ರ ದೀಪಾವಳಿಗೇ. ಸಣ್ಣ ಬಾಯಾರು ದಿನಾ ಬಾಗಲದಾಗ ನಿಂತಿರ್ತಾರ್ರಿ."

ಆ ಕೊನೆಯ ಮಾತು ಗೋದಾಬಾಯಿಗೆ ಅನ್ನ ಇಳಿಯಗೊಡಲಿಲ್ಲ. ಹಬ್ಬ ನಾಳೆ ಎಂದಾಗ ಬೆಳಿಗ್ಗೆ ಉಂಡಿ ಡಬ್ಬಿ ಕಟ್ಟಿಕೊಂಡು, ಮುತ್ತಿನ ಬಣ್ಣದ ಇಳಕಲ್ಲ ಸೀರೆ ಉಟ್ಟು ಹಿತ್ತಲಿಗೆ ಬಂದಳು. ಗುಲಾಬಸಾಬ ಅಂಗಡಿ ಮುಚ್ಚಿ ಬಂದು ಮುಂದಿನ ಆಸನದಲ್ಲಿ ಕೂತಿದ್ದ.

"ನೀನೂ ಬರಾಕಿ ಏನು?" ಎಂದರು ರಾಯರು.

"ನಿಮ್ಮನ್ನಷ್ಟs ಕಳಿಸಿದ್ರ ಬೀಗರ ಜೋಡಿ ಎಂಜಿನ್ ಮಾತಾಡಿ, ಮಗಳನ್ನ ಅಲ್ಲೇ ಮರತು ಬರ್ತೀರಿ."

ಕೆಂಪು ಮಣ್ಣು ಇರುವತನಕ ಕಪ್ಪಿ ಜಿಗಿಯುತ್ತಾ ಹೋಯಿತು. ಕರಿ ಮಣ್ಣಿನ ಎರಿ ಹೊಲಗಳು ಶುರುವಾದವು, ಕಪ್ಪಿ ನರಳತೊಡಗಿತು. ಊರು ಇನ್ನೂ ಎರಡು ಹರದಾರಿ ಇರುವಾಗ ನಿಂತೇಬಿಟ್ಟಿತು. ಎಂಜಿನ್ ಕೂಗುತ್ತಿದೆ, ಗಾಲಿ ತಿರುಗುತ್ತಿಲ್ಲ. ಇಳಿದು ನೋಡಿದರೆ ಟೈರಿಗೂ ಟೊಪ್ಪಿಗೆಗೂ ನಡುವೆ ಕರಿ ಮಣ್ಣು ನಾದಿದ ಕಣಕದಂತೆ ಗಿಡಿದು ಕೂತಿತ್ತು. ಕೆಂಪು ಮಣ್ಣು ನೀರಿನ ಜೊತೆ ಹರಿದು ಹೋಗುತ್ತದೆ. ಎರಿ ಮಣ್ಣು ಹಿಡಿದದ್ದನ್ನು ಬಿಡುವುದಿಲ್ಲ. ಕೋಲಿನಿಂದ ಕೆದರಿ ತೆಗೆದರು. ಹತ್ತು ಮಾರು ಹೋಗುವುದರಲ್ಲಿ ಮತ್ತೆ ತುಂಬಿತು. ಮತ್ತೆ ಕೆದರಿದರು, ಮತ್ತೆ ತುಂಬಿತು. ಹೀಗೇ ಹೋದರೆ ಗೌರಿ ಹುಣ್ಣಿಮೆಗೆ ಮುಟ್ಟುತ್ತಿದ್ದರು.

"ಹೊಳ್ಳಿ ಹೋಗೂಣೇನ್ರಿ, ಸಾಹೇಬರ?" ಎಂದ ಗುಲಾಬಸಾಬ, ಬೇರೆ ಕಡೆ ನೋಡುತ್ತಾ.

ರಾಯರು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಅವರ ಮುಖ ನೋಡಿದರೇ ಗೋದಾಬಾಯಿಗೆ ತಿಳಿಯಿತು: ಏನು ಮಾಡಬೇಕೆಂದು ಇಬ್ಬರಿಗೂ ಹೊಳೆದಿದೆ, ಹೇಳಲು ಬಾಯಿಲ್ಲ.

"ಚಕ್ಕಡಿ ಗಾಲಿಗೆ ಯಾರರ ಟೊಪ್ಪಿಗಿ ಹಾಕಿದ್ದು ನೋಡೀರೇನು?" ಎಂದಳು. "ಧಾರವಾಡದ ಮಂದಿ ನಾವು, ನಮ್ಮದು ಕೆಂಪು ಮಣ್ಣಿನ ಬುದ್ಧಿ. ಕಿತ್ತು ಒಗೀರಿ."

"ನಿನ್ನ ಸೀರಿ?"

"ಸೀರಿ ಇಲ್ಲೆ ಮೈಮ್ಯಾಲ ಅದ. ಮಗಳು ಅಲ್ಲೆ ಬಾಗಲದಾಗ ನಿಂತಾಳ."

"ಜನ್ಮಕ್ಕ ಅಲ್ಲಾಡಬಾರದಂತ ರಿವಿಟ್ ಹೊಡದೇನ್ರಿ ಬಾಯಾರ," ಎಂದ ಗುಲಾಬಸಾಬ.

"ಛಲೋ ಮಾಡಿದಿ. ಈಗ ಅಲ್ಲಾಡಸು."

ಅವನು ಹಿಂದಿನ ಗಾಲಿಗೆ ಕೂತ. ಮುಂದಿನದಕ್ಕೆ ರಾಯರೇ ಉಳಿ ಹಚ್ಚಿದರು. ಸುತ್ತಿಗೆ ಎತ್ತಿದ ಕೈ ಒಂದು ಗಳಿಗೆ ಬಳ್ಳಿಯ ಮೇಲೆ ತಡೆಯಿತು. ಗೋದಾಬಾಯಿ ಇಳಿದು ಅವರ ತಲೆಯ ಮೇಲೆ ಕೊಡೆ ಹಿಡಿದಳು. ಕಣಕಾಲವರೆಗೆ ಕೆಸರಿನಲ್ಲಿ ಹೂತುಹೋದಳು.

"ಬಳ್ಳಿ ಛಂದ ಬರದಿದ್ರಿ," ಎಂದಳು.

"ಈಗ ಹೇಳ್ತೀಯಲ್ಲ?"

"ಮೊದಲs ಹೇಳಿದ್ರ ಇನ್ನೊಂದು ಬರಿಯಾಕ ಕೂಡತಿದ್ದಿರಿ."

ರಾಯರು ನಕ್ಕು ಸುತ್ತಿಗೆ ಹೊಡೆದರು.

ಟೊಪ್ಪಿಗೆ ಹೋದ ಮೇಲೆ ಗಾಲಿ ಮಣ್ಣನ್ನು ಹಿಡಿಯಲಿಲ್ಲ, ಎಸೆಯಿತು. ಡಬ್ಬಿಯನ್ನು ಸೆರಗಿನೊಳಗೆ ಅವುಚಿಕೊಂಡು ಗೋದಾಬಾಯಿ ಕಣ್ಣು ಮುಚ್ಚಿ ಕೂತಳು. ಮಧ್ಯಾಹ್ನ ಕುಲಕರ್ಣಿಯವರ ಬಾಗಿಲಲ್ಲಿ ಕಪ್ಪಿ ನಿಂತಾಗ ಮೂವರದೂ ಒಂದೇ ಬಣ್ಣ. ಬೀಗತಿ ಹೊಸ್ತಿಲಲ್ಲೇ ನಿಂತು, "ಯಾರ ಪೈಕಿರಿ?" ಎಂದು ಕೇಳಿದರು. ಅವರ ಬೆನ್ನ ಹಿಂದಿನಿಂದ ಮಂದಾಕಿನಿ ಏನೂ ಕೇಳದೆ ಓಡಿ ಬಂದು, ಹಾಗೇ ಕೆಸರಿನ ಸಮೇತ ತಾಯಿಯನ್ನು ತಬ್ಬಿದಳು.

ಬೀಗತಿ ಹೊಸ್ತಿಲಿನಿಂದ ಪಕ್ಕಕ್ಕೆ ಸರಿದರು. "ಹಿಂಗ ಬಂದವರನ್ನ ಬರಿಗೈಲೆ ಕಳಿಸಿದ್ರ ನಾಗಪ್ಪ ಮೊದಲ ನನ್ನನ್ನs ಕಡೀತಾನ," ಎಂದು ಆಳಿಗೆ ನೀರು ಕಾಸಲು ಹೇಳಿದರು.

ನಾಲ್ಕು ಟೊಪ್ಪಿಗೆಗಳು ಹೊಲದ ಬದುವಿನ ಮೇಲೆಯೇ ಉಳಿದವು. ರಾಯರು ಮತ್ತೆ ಮಾಡಲಿಲ್ಲ. ಎಷ್ಟು ಒಗೆದರೂ ಸೀರೆಯ ಕರಿ ಹೋಗದೆ ಅದು ಕೌದಿಗೆ ಸೇರಿತು. ಮಂದಾಕಿನಿ ಪಂಚಮಿಗೆ ಬಂದು ಚೌತಿಯವರೆಗೆ ತವರಿನಲ್ಲಿದ್ದಳು.