ಮೂರು ಗಂಟೆಯ ಮರುಪ್ರಸಾರ

೨೦೨೪ರ ಮಾರ್ಚ್ ೧೪, ಗುರುವಾರ, ಮಧ್ಯಾಹ್ನ ಎರಡು ಗಂಟೆ ಐವತ್ತೇಳು ನಿಮಿಷ — ಟಿ.ವಿ. ಪರದೆಯ ಮೇಲೆ ಧೂಳಿದೆ, ಕಿಟಕಿಯ ಬಿಸಿಲು ಓರೆಯಾಗಿ ಬಿದ್ದಾಗ ಮಾತ್ರ ಕಾಣುವಂಥ ಧೂಳು, ಅದರ ನಡುವೆ ಒಂದು ಬೆರಳಿನ ಗೆರೆ, ಅಕ್ಕನದೇ ಇರಬೇಕು, ಒರೆಸಲು ಹೊರಟು ಯಾಕೋ ಬಿಟ್ಟಿದ್ದಾಳೆ, ಈ ಮನೆಯಲ್ಲಿ ಎರಡು ವರ್ಷದಿಂದ ಎಷ್ಟೋ ಕೆಲಸ ಹೀಗೆ ಯಾಕೋ ಬಿಟ್ಟಿದ್ದು. ಅವಳು ನೆಲದ ಮೇಲೆ ಕೂತು ಬಟ್ಟೆ ಮಡಚುತ್ತಿದ್ದಾಳೆ, ಹಗ್ಗದಿಂದ ಈಗಷ್ಟೇ ತಂದ ಬಟ್ಟೆ, ಇನ್ನೂ ಬೆಚ್ಚಗಿವೆ, ನಾನು ಪಕ್ಕದಲ್ಲಿ ಗೋಡೆಗೆ ಒರಗಿದ್ದೇನೆ, ಟಿ.ವಿ. ವಾಹಿನಿಯಲ್ಲಿ ಕಾರ್ಯಕ್ರಮಗಳ ವೇಳಾಪಟ್ಟಿ ಮಾಡುವವಳು, ಅರ್ಧ ದಿನ ರಜೆ ಹಾಕಿ ಬಂದವಳು, ಯಾಕೆ ಬಂದೆ ಎಂದು ಕೇಳಿದರೆ ನಿನ್ನ ಮುಖ ನೋಡೋಕೆ ಅನ್ನಬೇಕೆಂದುಕೊಂಡಿದ್ದೆ, ಅದು ಸುಳ್ಳೂ ಅಲ್ಲ. ಏನೇ ಪುಟ್ಟಿ, ಆಫೀಸಿಂದ ಓಡಿಸಿಬಿಟ್ರಾ. ಹೂಂ ಅಕ್ಕ, ಹಳೇದನ್ನೇ ಹಾಕ್ತಾ ಇರ್ತೀಯ ಅಂತ. ಒಳ್ಳೇದೇ ಆಯ್ತು, ಸುಮ್ನೆ ಕೂರ್ಬೇಡ, ಆ ದಿಂಬಿನ ಕವರು ಮಡಚು. ಐವತ್ತೆರಡರ ನನ್ನನ್ನು ಪುಟ್ಟಿ ಎನ್ನುವವರು ಈ ಭೂಮಿಯ ಮೇಲೆ ಇವಳೊಬ್ಬಳೇ ಉಳಿದಿರುವುದು. ಮೂರು ಗಂಟೆ ಅಕ್ಕನ ಗಂಟೆ, ದರ್ಜಿ ಮನೆಯವರ ಹಾಸ್ಯ ಧಾರಾವಾಹಿ, ಒಂದು ಕಾಲದಲ್ಲಿ ಎಲ್ಲರೂ ಊಟ ಬಿಟ್ಟು ನೋಡಿದ್ದು, ಈಗ ನಾಲ್ಕನೇ ಸಲ ಬರುತ್ತಿದೆ, ಅಳತೆ ತಪ್ಪಿ ಹೊಲಿದ ಕೋಟು ತೊಟ್ಟು ಮಾವ ಮೆಟ್ಟಿಲಿಳಿಯುವ ಮೊದಲೇ ಅಕ್ಕ ನಕ್ಕುಬಿಡುತ್ತಾಳೆ, ಮೊದಲು ಮಿಂಚು ಆಮೇಲೆ ಗುಡುಗು ಎಂಬಂತೆ ಮೊದಲು ಇವಳ ನಗು, ಆಮೇಲೆ ಅವರ ಕೋಟು. ಹೊಸ ಕಂತು ಅವಳಿಂದ ಆಗುವುದಿಲ್ಲ, ಹೊಸ ಸಿನಿಮಾ, ಹೊಸ ಪುಸ್ತಕ, ಬೇರೆ ದಾರಿ ಹಿಡಿಯುವ ಬಸ್ಸು, ಯಾವುದೂ ಆಗುವುದಿಲ್ಲ, ಎರಡು ವರ್ಷದ ಹಿಂದೆ ಬಲ್ಬು ತರುತ್ತೇನೆಂದು ಭಾವ ಹೊರಗೆ ಹೋದ ಸಂಜೆ ಇವಳು ಇನ್ನೊಂದು ಧಾರಾವಾಹಿಯ ಎಂಟು ಗಂಟೆಯ ಹೊಸ ಕಂತು ನೋಡುತ್ತಿದ್ದಳು, ಮುಂದೇನು ಮುಂದೇನು ಎನ್ನುವ ಹೊತ್ತಿಗೆ ಫೋನು ಬಂತು, ಅಂಗಡಿಯವನು ಮಾಡಿದ್ದು, ಯಜಮಾನ್ರು ಕುಸಿದುಬಿಟ್ರು ಅಮ್ಮ, ಬೇಗ ಬನ್ನಿ, ಭಾವ ತಿರುಗಿ ಬರಲಿಲ್ಲ. ಮುಂದೇನು ಅಂತ ಗೊತ್ತಿಲ್ದೇ ಇದ್ರೆ ಎದೆ ಮೇಲೆ ಯಾರೋ ಬಂದು ಕೂತ ಹಾಗಾಗುತ್ತೆ ಕಣೆ, ಗೊತ್ತಿರೋದಾದ್ರೆ ಪರವಾಗಿಲ್ಲ, ಅಳೋದಿದ್ರೂ ಎಲ್ಲಿ ಅಳ್ಬೇಕು ಅಂತ ಗೊತ್ತಿರುತ್ತೆ, ಅಂದಿದ್ದಳು ಅಕ್ಕ ಆಮೇಲೊಮ್ಮೆ. ಒಂದೊಂದೇ ಹೊಸತು ಕೊಡಿ ಅಂದಿದ್ದರು ಅವಳನ್ನು ನೋಡುವ ವೈದ್ಯೆ, ಚಿಕ್ಕದು ಕೊಡಿ, ಪಕ್ಕದಲ್ಲಿ ಯಾರಾದರೂ ಇರಲಿ, ಕೊಟ್ಟೆ, ಸಿನಿಮಾಕ್ಕೆ ಕರೆದುಕೊಂಡು ಹೋದೆ, ಹತ್ತು ನಿಮಿಷಕ್ಕೆ ಎದ್ದುಬಿಟ್ಟಳು, ಮನೆಗೆ ಬಂದು ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಕೆಳಗಿಳಿಸಿ ಮತ್ತೆ ತೊಳೆದಳು, ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆ.

ಈಗ ಜಾಹೀರಾತು, ಲಸಿಕೆ ಹಾಕಿಸಿ ಎನ್ನುವ ಸರಕಾರದ ಜಾಹೀರಾತು, ಇನ್ನೇನು ಮೂರಾಗುತ್ತದೆ, ಮೂರಕ್ಕೆ ಇವತ್ತು ದರ್ಜಿ ಮನೆಯವರು ಬರುವುದಿಲ್ಲ, ಬೇರು ಬರುತ್ತದೆ, ಅದನ್ನು ಅಲ್ಲಿ ಹಾಕಿದವಳು ನಾನು. ಬೇರು ಎಂದರೆ ಬೇರೇ, ಮಣ್ಣಿನೊಳಗೆ ಇಳಿಯುವುದು, ನಮ್ಮ ವಾಹಿನಿಯ ನಿರ್ಮಾಪಕರೊಬ್ಬರು ಮೂರು ವರ್ಷ ಅದನ್ನೇ ಚಿತ್ರಿಸಿದರು, ಹಳೇ ನಾಟಕದ ಬಟ್ಟೆ ತುಂಬಿದ ಉಗ್ರಾಣದಲ್ಲಿ ಗಾಜಿನ ಪೆಟ್ಟಿಗೆಗಳನ್ನಿಟ್ಟು, ಮಣ್ಣು ತುಂಬಿ, ಎರಡು ನಿಮಿಷಕ್ಕೊಂದು ಚಿತ್ರ, ಅವರಿಗೆ ಬೇರುಮೇಷ್ಟ್ರು ಅಂತಲೇ ಹೆಸರು ಬಿತ್ತು, ಉಗ್ರಾಣದ ಬಾಗಿಲು ಜೋರಾಗಿ ಹಾಕಿದವರ ಮೇಲೆ ರೇಗುತ್ತಿದ್ದರು, ಮೆತ್ತಗೆ ಸ್ವಾಮಿ, ಒಳಗಡೆ ಬೆಳೀತಿದಾರೆ. ಈ ತಿಂಗಳ ಕೊನೆಗೆ ಅವರಿಗೆ ನಿವೃತ್ತಿ, ಅಷ್ಟರೊಳಗೆ ಜನರು ಎದ್ದಿರುವ ಹೊತ್ತಿನಲ್ಲಿ ಒಮ್ಮೆ ಪ್ರಸಾರವಾಗದಿದ್ದರೆ ಕಪಾಟಿಗೆ, ಕಪಾಟಿಗೆ ಹೋದದ್ದು ತಿರುಗಿ ಬಂದುದನ್ನು ನಾನು ನೋಡಿಲ್ಲ. ವೇಳಾಪಟ್ಟಿಯ ಸಭೆಯಲ್ಲಿ ಎಂಟು ಗಂಟೆ ಕೇಳಿದೆ. ನಿರ್ದೇಶಕರು ನಕ್ಕರು, ಎಂಟು ಗಂಟೆ ಮಾತ್ರ ಕೇಳ್ಬೇಡಿ ಮೇಡಂ, ಎಂಟು ಗಂಟೆ ರಸಪ್ರಶ್ನೆ ಅಂದ್ರೆ ನಮ್ಮೆಲ್ಲರ ಅನ್ನ, ಅಲ್ಲಾ, ಬೇರು ನೋಡ್ಬೇಕು ಅನ್ನಿಸಿದ್ರೆ ಜನ ಗಿಡ ಕಿತ್ತು ನೋಡಲ್ವಾ. ಎಲ್ಲರೂ ನಕ್ಕರು, ನಾನೂ ನಕ್ಕೆ, ಮೇಷ್ಟ್ರು ಮಾತ್ರ ಗಂಭೀರವಾಗಿ, ಕಿತ್ರೆ ಸತ್ತುಹೋಗುತ್ತೆ ಸಾರ್, ಅಂದರು. ಕಲ್ಲು ಸಿಗೋ ಜಾಗದಲ್ಲಿ ಒಂದು ನಿಮಿಷ ಏನೂ ಆಗಲ್ಲ ಮೇಷ್ಟ್ರೇ, ಅದನ್ನಾದ್ರೂ ಕತ್ತರಿಸಿ, ರಾತ್ರಿ ಹನ್ನೊಂದೂವರೆಗೆ ಹಾಕೋಣ, ಅಂದರು ನಿರ್ದೇಶಕರು. ಏನೂ ಆಗಲ್ಲ ಅಂತ ಯಾರು ಹೇಳಿದ್ದು, ಅದು ಯೋಚನೆ ಮಾಡ್ತಿದೆ, ಎಂದು ಮೇಷ್ಟ್ರು ಕತ್ತರಿಸಲು ಒಪ್ಪಲಿಲ್ಲ, ಹೊತ್ತೂ ಸಿಗಲಿಲ್ಲ. ಬೇರು ಯೋಚಿಸುವುದಿಲ್ಲ, ನಾನು ಓದಿದ ವಿಜ್ಞಾನಕ್ಕೆ ಅಷ್ಟು ಗೊತ್ತು, ಆದರೆ ತುದಿ ಕಲ್ಲಿಗೆ ತಾಗಿ ಬೆಳವಣಿಗೆ ನಿಧಾನವಾಗಿ ಆ ಕಡೆ ಈ ಕಡೆ ಒಂದಿಷ್ಟೇ ಅಲುಗುವುದನ್ನು ಉಗ್ರಾಣದ ಕತ್ತಲಲ್ಲಿ ನೋಡಿದಾಗ ನನ್ನ ಬಾಯಿಗೂ ಯೋಚನೆ ಎಂಬ ಮಾತೇ ಬಂತು. ನಿರ್ದೇಶಕರು ಕೆಟ್ಟವರಲ್ಲ, ರಸಪ್ರಶ್ನೆಯಿಂದಲೇ ಉಗ್ರಾಣದ ದೀಪ ಉರಿಯುವುದು, ದರ್ಜಿ ಮನೆಯವರಿಲ್ಲದಿದ್ದರೆ ನನ್ನ ಅಕ್ಕ ಎರಡು ವರ್ಷ ಹೇಗೆ ಕಳೆಯುತ್ತಿದ್ದಳು, ಎಲ್ಲರದೂ ಆದ ವಾಹಿನಿ ಎಲ್ಲರಿಗೂ ಇಷ್ಟವಾದದ್ದನ್ನು ಕೊಡುವುದು ತಪ್ಪೇ, ತಪ್ಪಲ್ಲ, ಇಷ್ಟವಾಗಬಹುದು ಎಂದು ಇನ್ನೂ ಗೊತ್ತಿಲ್ಲದವರಿಗೆ ಯಾರು ಕೊಡಬೇಕು ಎಂಬುದಕ್ಕೆ ಮಾತ್ರ ನಮ್ಮ ವೀಕ್ಷಕರ ಲೆಕ್ಕದ ಪಟ್ಟಿಗಳಲ್ಲಿ ಕಾಲಂ ಇಲ್ಲ, ಸರಾಸರಿ ಎನ್ನುವುದಕ್ಕೆ ಯಾರ ಮುಖವೂ ಪರಿಚಯವಿಲ್ಲ. ಆಮೇಲೆ ಒಂದು ತಮಾಷೆ ಸಿಕ್ಕಿತು. ಫೆಬ್ರವರಿಯಲ್ಲಿ ಹೊಸ ಪ್ರಸಾರ ಯಂತ್ರ ಬಂದಾಗ ಬೆಳಗಿನ ನಾಲ್ಕಕ್ಕೆ ಪರೀಕ್ಷೆಗೆಂದು ಎಂಜಿನಿಯರು ಕೈಗೆ ಸಿಕ್ಕ ಕಾರ್ಯಕ್ರಮವೊಂದನ್ನು ಓಡಿಸಿದ್ದ, ಸಿಕ್ಕಿದ್ದು ಬೇರು, ಕಂಪ್ಯೂಟರು ಪ್ರಾಮಾಣಿಕವಾಗಿ ಮೊದಲ ಪ್ರಸಾರ ಮುಗಿದಿದೆ ಎಂದು ಗುರುತು ಹಾಕಿಕೊಂಡಿತು, ಮೇಷ್ಟ್ರು ನನ್ನ ಮೇಜಿನ ಮುಂದೆ ಬಂದು ನಿಂತು, ನನ್ನ ಮಗಳ ಮದುವೆ ಆಗೋಯ್ತಂತೆ ಮೇಡಂ, ನನ್ನನ್ನೇ ಕರೀಲಿಲ್ಲ, ಎಂದು ನಕ್ಕರು, ನಗುತ್ತಲೇ ಕನ್ನಡಕ ತೆಗೆದು ಒರೆಸಿಕೊಂಡರು. ಒಮ್ಮೆ ಪ್ರಸಾರವಾದದ್ದು ಮರುಪ್ರಸಾರಕ್ಕೆ ಅರ್ಹ, ಮರುಪ್ರಸಾರದ ಹೊತ್ತು ಮಧ್ಯಾಹ್ನ ಮೂರು, ಅದನ್ನು ತುಂಬಲು ಸಭೆ ಬೇಡ, ನನ್ನ ಸಹಿ ಸಾಕು. ನಿರ್ದೇಶಕರಿಗೆ ಮುಚ್ಚಿಡಲಿಲ್ಲ, ಅವರು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, ನಿಯಮದ ಪ್ರಕಾರ ಸರಿಯಾಗೇ ಇದೆ, ನೀವು ಭಾರೀ ಕಿಲಾಡಿ, ಒಂದು ಗುರುವಾರ ಅಷ್ಟೇ, ಆಯ್ತಾ, ಅಂದರು. ಆ ಗುರುವಾರ ಯಾರದೆಂದು ಅವರಿಗೆ ಗೊತ್ತಿಲ್ಲ, ಸಹಿ ಹಾಕುವಾಗ ಅರ್ಧ ನನ್ನ ಕಣ್ಣ ಮುಂದೆ ಇದ್ದದ್ದು ಮೇಷ್ಟ್ರ ಕನ್ನಡಕ, ಇನ್ನರ್ಧ ಈ ಮನೆ, ಈ ಚಾಪೆ, ಪರದೆಯ ಮೂಲೆಯಲ್ಲಿ ಮರುಪ್ರಸಾರ ಎಂಬ ಅಕ್ಷರ ಕಂಡರೆ ಅಕ್ಕ ಏಳಲಿಕ್ಕಿಲ್ಲ ಎಂಬ ಒಂದು ಊಹೆ.

ಮೂರು. ಕಪ್ಪು ಪರದೆ, ಎಲ್ಲೋ ನೀರು ತೊಟ್ಟಿಕ್ಕುವ ಸದ್ದು, ಮೂಲೆಯಲ್ಲಿ ಆ ಅಕ್ಷರ. ಇದೇನೇ ಇದು, ದರ್ಜಿ ಎಲ್ಲಿ. ಇವತ್ತೊಂದಿನ ಬೇರೆ ಅಕ್ಕ, ನಾಳೆ ಬರ್ತಾನೆ. ಹಳೇದು ತಾನೆ. ಹಳೇದೇ ಎನ್ನುತ್ತೇನೆ, ಅಲ್ಲಿ ಬರೆದಿದೆ ನೋಡು ಎನ್ನುತ್ತೇನೆ, ಸುಳ್ಳಲ್ಲ, ನಿಜವೂ ಅಲ್ಲ, ಬೆಳಗಿನ ನಾಲ್ಕಕ್ಕೆ ಯಾವ ಮನೆಯಲ್ಲಿ ಯಾರು ಎದ್ದಿದ್ದರು, ನಾನೇನು ಮಾಡುತ್ತಿದ್ದೇನೆ, ಇದು ಕೆಟ್ಟರೆ ಅವಳ ಮೂರು ಗಂಟೆಯೂ ಕೆಡುತ್ತದೆ, ಇನ್ನು ಮೇಲೆ ಆ ಅಕ್ಷರವನ್ನೂ ನಂಬುವುದಿಲ್ಲ, ನನ್ನನ್ನೂ, ಅವಳಿಗೆ ಉಳಿದಿರುವುದು ದಿನಕ್ಕೆ ಅರ್ಧ ಗಂಟೆಯ ನೆಮ್ಮದಿ, ಅದನ್ನು ಪಣಕ್ಕಿಡಲು ನಾನ್ಯಾರು, ರಿಮೋಟು ಅವಳ ಮೊಣಕಾಲಿನ ಹತ್ತಿರ ಇದೆ, ಅವಳು ತೆಗೆದುಕೊಂಡರೆ ತೆಗೆದುಕೊಳ್ಳಲಿ, ನಾನೇ ಆರಿಸಿಬಿಡಲೇ. ಕಾಳು ಒಡೆಯಿತು, ಬಿಳಿಯ ಚೂಪು ತುದಿ ಹೊರಗೆ ಬಂದು ಕೆಳಗೆ ಬಾಗಿತು, ಮೇಷ್ಟ್ರ ಧ್ವನಿ, ಮಾತು ಕಡಿಮೆ, ಅದು ಒಳ್ಳೆಯದು, ಅಕ್ಕ ಟವಲು ಮಡಚುತ್ತಾಳೆ, ಅಂಚಿಗೆ ಅಂಚು ಸೇರಿಸಿ, ಕಣ್ಣು ಪರದೆಯ ಮೇಲಿಲ್ಲ, ಹೌದು ಇದೆ, ಇಲ್ಲ. ಈ ಧ್ವನಿ ಯಾರದು, ಗಂಟಲು ಕಟ್ಟಿದ ಹಾಗಿದೆ ಪಾಪ. ನಮ್ಮ ಆಫೀಸಿನವರೇ, ಮೇಷ್ಟ್ರು ಅಂತ ಕರೀತೀವಿ. ಬಿಸಿನೀರು ಕುಡೀಬಾರದಾ. ತುದಿ ಇಳಿಯುತ್ತದೆ, ಮಣ್ಣಿನ ಕಣಗಳ ನಡುವೆ ಜಾಗ ಹುಡುಕುತ್ತ, ತಡವುತ್ತ, ರಾತ್ರಿ ಕರೆಂಟು ಹೋದಾಗ ಭಾವ ಕೈ ಮುಂದೆ ಚಾಚಿಕೊಂಡು ಅಡುಗೆಮನೆಗೆ ನಡೆಯುತ್ತಿದ್ದಂತೆ, ಅಕ್ಕನಿಗೂ ಹಾಗನ್ನಿಸಿತೋ ಏನೋ, ಅನ್ನಿಸದಿರಲಿ, ಟವಲು ಕೈಯಲ್ಲೇ ನಿಂತಿದೆ. ನಿಮ್ಮ ಭಾವ ಇದ್ದಿದ್ರೆ ಗಾಜಿನ ಪೆಟ್ಟಿಗೆ ತಂದುಬಿಡ್ತಿದ್ರು. ತರ್ತಿದ್ರು. ತಂದು ಎರಡನೇ ದಿನ ನೀರು ಹಾಕೋದು ಮರೀತಿದ್ರು. ಅವಳು ನಕ್ಕಳೇ, ನಕ್ಕ ಹಾಗಾಯಿತು, ಈ ಸಲ ನಗು ಮುಂಚೆ ಬರಲಿಲ್ಲ, ಮಾತಿನ ಹಿಂದೆಯೇ ಬಂತು. ಕಲ್ಲು. ಪರದೆಯ ಅರ್ಧ ಭಾಗ ಬೂದು ಬಣ್ಣದ ಕಲ್ಲು, ಬೇರು ನೇರವಾಗಿ ಅದರ ಕಡೆಗೇ ಇಳಿಯುತ್ತಿದೆ, ತಾಗಿತು, ನಿಂತಿತು, ಈ ಒಂದು ನಿಮಿಷವನ್ನೇ ಕತ್ತರಿಸಿ ಅಂದದ್ದು, ಮೇಷ್ಟ್ರು ಕತ್ತರಿಸಿಲ್ಲ, ಕತ್ತರಿಸಬೇಕಿತ್ತೇನೋ, ಅಕ್ಕ ರಿಮೋಟಿನ ಕಡೆ ಕೈ ಚಾಚಿದಳು, ಮುಗಿಯಿತು, ಇಲ್ಲ, ಕೈ ಅದನ್ನು ದಾಟಿ ನನ್ನ ಕೈಯ ಮೇಲೆ ಬಿತ್ತು. ಪುಟ್ಟಿ, ಇದನ್ನ ನಾನು ಮೊದ್ಲು ನೋಡಿಲ್ಲ. ಇಲ್ಲ ಅಕ್ಕ, ನೀನು ನೋಡಿಲ್ಲ, ಯಾರೂ ನೋಡಿಲ್ಲ. ಅವಳು ಕೈ ತೆಗೆಯಲಿಲ್ಲ, ಕಣ್ಣೂ ತೆಗೆಯಲಿಲ್ಲ. ಈಗೇನ್ಮಾಡುತ್ತೆ ಇದು, ಪಾಪ. ಅದು ಅಕ್ಕ, ಅದು ಏನಂದ್ರೆ — ಬೇಡ, ಹೇಳ್ಬೇಡ, ಇರು. ಬಿಳಿಯ ತುದಿ ಕಲ್ಲಿಗೆ ಒತ್ತಿಕೊಂಡಿದೆ, ಒಂದಿಷ್ಟು ಎಡಕ್ಕೆ, ಮತ್ತೆ ಬಲಕ್ಕೆ, ನನ್ನ ಬೆರಳುಗಳು ಅವಳ ಮಣಿಕಟ್ಟಿನ ಒಳಬದಿಗೆ ತಾಗಿವೆ, ಎಣಿಸಬೇಕೆಂದು ಹಿಡಿದದ್ದಲ್ಲ, ಓದುವಾಗಿನ ಪ್ರಯೋಗಶಾಲೆಯ ಹಳೇ ಚಾಳಿ, ವಾಚಿನ ಸೆಕೆಂಡು ಮುಳ್ಳು ತಾನಾಗಿ ಕಣ್ಣಿಗೆ ಬಿತ್ತು, ಬಿಳಿಯ ತುದಿ, ಕಲ್ಲು, ಅಕ್ಕನ ನಾಡಿ, ಓಡುತ್ತಿಲ್ಲ, ಬಿಳಿಯ ತುದಿ, ಕಲ್ಲು, ನಿಮಿಷಕ್ಕೆ ಎಪ್ಪತ್ತನಾಲ್ಕು.