ಅಮ್ಮನ್ನ ಕರಕೊಂಡು ಬಾ

ಹತ್ತಿ ಗಿರಣಿಯ ಅರಳೆ ಕಣ್ಣೆವೆಯ ಮೇಲಿರುವಾಗಲೇ ಪಂಪಮ್ಮ ಒಲೆ ಹೊತ್ತಿಸುತ್ತಿದ್ದಳು. ಮೈಯೆಂಬುದು ಬೆಳಿಗ್ಗೆ ಗಿರಣಿಗೆ ಒಯ್ದು, ಸಂಜೆ ಅರ್ಧ ಮಾತ್ರ ವಾಪಸು ತರುವ ವಸ್ತುವಾಗಿತ್ತು. ಐದು ವರ್ಷದ ಮಗಳು ಶೇಷಿ ಮೂರನೆಯ ಸಂಜೆಯೂ ತನ್ನ ಪಾಲಿನ ರೊಟ್ಟಿಯನ್ನು ಉಡಿಯಲ್ಲಿ ಮುಚ್ಚಿಕೊಂಡು ಹಳ್ಳದ ದಂಡೆಗೆ ಹೋಗಿ ಬಂದಿದ್ದಳು. ಅಲ್ಲಿ ಪಂಪಮ್ಮನ ಅತ್ತೆಯನ್ನು ಮಣ್ಣು ಮಾಡಿ ಎರಡು ತಿಂಗಳಾಗಿತ್ತು.

“ಎಲ್ಲಿಗೆ ಹೋಗಿದ್ದಿ?”

“ಅಮ್ಮನ್ನ ಕರಿಯಾಕ.”

ಆ ಮನೆಯಲ್ಲಿ ಅಮ್ಮ ಎಂದರೆ ಅಜ್ಜಿ, ಹೆತ್ತವಳು ಅವ್ವ.

“ಸತ್ತಾಕಿ ರೊಟ್ಟಿ ತಿನ್ನಾಕ ಬರ್ತಾಳೇನ?” ಎಂದು ಪಂಪಮ್ಮ ಒಂದೇಟು ಹಾಕಿದಳು. ಹೊಡೆಯಲೂ ಕೈಯಲ್ಲಿ ಕಸುವಿರಲಿಲ್ಲ.

ಮರುದಿನ ಬಾವಿಯ ಬಳಿ ನೆರೆಮನೆಯ ದಸ್ತಗಿರಮ್ಮ ತಡೆದಳು. “ನೀ ಏನು ಕಲೆಕ್ಟರ್ ಹೆಂಡ್ತಿ ಏನವಾ? ಸಾಲಿ ಅಯ್ಯೋರು ಮೂರು ಸಲ ಹೇಳಿ ಕಳಿಸ್ಯಾರಂತ. ಇವತ್ತು ಹೋಗಲಿಲ್ಲಂದ್ರ ಶೇಷಿ ಹೆಸರು ಹೊಡದು ಹಾಕ್ತಾರ.”

“ನನಗ್ಯಾರೂ ಹೇಳಿಲ್ಲ ಬೇ.”

ಅತ್ತೆ ಇದ್ದಾಗ ಮಗು ಆಕೆಯ ಕತೆಗಳೊಳಗೇ ಬೆಳೆಯುತ್ತಿತ್ತು. ಈಗ ಶಾಲೆಯೂ ತಪ್ಪಿದರೆ ಗಿರಣಿಯ ಅಂಗಳದ ಧೂಳೇ ಅದಕ್ಕೆ ಗತಿ. ಪಂಪಮ್ಮ ಗಿರಣಿಯ ದಾರಿ ಬಿಟ್ಟು ಶಾಲೆಯ ದಾರಿ ಹಿಡಿದಳು.

ನರಸಪ್ಪ ಅಯ್ಯೋರು ತೆಲುಗು ಸೀಮೆಯವರು. ನಲವತ್ತು ಚಿಕ್ಕಮಕ್ಕಳ ನಡುವೆ ಒಬ್ಬರೇ ದಣಿದು ಕೂತಿದ್ದರು.

“ಮೀ ಅಮ್ಮನಿ ಪಿಲುಚುಕೊನಿ ರಾ ಅಂತ ಮೂರು ಸಲ ಹೇಳ್ದೆ. ಹೇಳಿದಾಗೆಲ್ಲ ಅಳ್ತಾಳ. ಸಾಲಿಗೆ ಬಂದಾಗಿಂದ ಒಂದು ಮಾತಾಡಿಲ್ಲ. ಬಳ್ಳಾರಿಯಿಂದ ಇನ್ಸ್‌ಪೆಕ್ಟರು ಬಂದ್ರೆ ಮೂಗಿನ್ನ ಹೆಂಗ ತೋರಿಸ್ಲಿ?”

ಪಂಪಮ್ಮನಿಗೆ ತೆಲುಗು ಹೊಸದಲ್ಲ, ಆದವಾನಿ ಸಂತೆಯಲ್ಲಿ ಅದರಲ್ಲೇ ಚೌಕಾಸಿ ಮಾಡಿದವಳು. ಆದರೂ ಅಮ್ಮನನ್ನು ಕರೆದುಕೊಂಡು ಬಾ ಎಂಬ ಆ ಒಂದು ಮಾತು ಮುಳ್ಳಿನಂತೆ ಸಿಕ್ಕಿಕೊಂಡಿತು. ಮೂರು ರೊಟ್ಟಿಗಳು ನೆನಪಾದವು. ಅವಳು ಮಕ್ಕಳ ನಡುವೆ ಕೂತಿದ್ದ ಶೇಷಿಯನ್ನು ತೋರಿಸಿದಳು.

“ಇಕಿ ಅಮ್ಮ ಸತ್ತಾಳ್ರೀ. ನಾನು ಅವ್ವ.”

ಅಯ್ಯೋರು ಅವಳನ್ನು ಮೇಲಿಂದ ಕೆಳಗೆ ನೋಡಿದರು. “ಇಷ್ಟು ಸಣ್ಣ ವಯಸ್ಸಿಗೆ ಅಜ್ಜಿನಾ?”

“ನಿಮ್ಮ ತೆಲುಗಿನ್ಯಾಗ ಉಲ್ಟಾ ಐತಿ. ನಮ್ಮ ಅವ್ವ ನಿಮಗ ಅಮ್ಮ, ನಮ್ಮ ಅಮ್ಮ ನಿಮಗ ಅವ್ವ. ಸತ್ತಾಕಿನ್ನ ಕರಕೊಂಡು ಬಾ ಅಂದೀರಿ. ದಿನಾ ಅಕಿನ್ನ ಮಣ್ಣು ಮಾಡಿದ ಗುದ್ದಿನ ಮ್ಯಾಲ ರೊಟ್ಟಿ ಇಟ್ಟು ಕರದಾಳ. ನಾನೂ ಹೊಡದೆ.”

ಅಯ್ಯೋರು ಬೆತ್ತವನ್ನು ಕಾಲಿನಿಂದ ಚಾಪೆಯ ಕೆಳಗೆ ಸರಿಸಿದರು.

“ಹೆಸರು ಹೊಡಿಯಲ್ಲ. ಕುಂದ್ರಮ್ಮಾ. ಮನಿಯಾಗ ಇಕಿ ಯಾವುದಕ್ಕ ಏನಂತಾಳ, ಒಂದೊಂದೇ ಹೇಳು. ಬರಕೊಂತೀನಿ.”

ಅವಳು ಹೊಸ್ತಿಲ ಮೇಲೆ ಕೂತು ಹೇಳತೊಡಗಿದಳು. ಕೂಳು, ನೀರು, ಬೆಕ್ಕು, ನಿದ್ದಿ. ಅಯ್ಯೋರು ಬರೆದುಕೊಂಡು, “ಆಮೇಲೆ?” ಎಂದರು. ಪಂಪಮ್ಮನ ತಲೆ ಬಾಗಿಲ ಚೌಕಟ್ಟಿಗೆ ವಾಲಿತ್ತು, ಕಣ್ಣುಗಳು ಮುಚ್ಚಿದ್ದವು.

ಶೇಷಿ ಎದ್ದು ಬಂದು ಅವ್ವನ ಪಕ್ಕ ನಿಂತು ತುಟಿಯ ಮೇಲೆ ಬೆರಳಿಟ್ಟುಕೊಂಡಳು.

ಅಯ್ಯೋರಿಗೆ ತಿಳಿಯುವ ಹಾಗೆ, “ಮಾ ಅಮ್ಮ ಮಕ್ಕೊಂಡಾಳ್ರೀ,” ಎಂದಳು.