ಇನ್ನೊಬ್ಬರ ‘ನಾನು’

ಉಣ್ಣೆಯ ತೋಳೊಂದು ಕೆನ್ನೆಗೆ ತಾಕಿತು, ಹೆಂಡತಿ ಶರೋನಳ ಕಪ್ಪು ಚಳಿಕೋಟು, ನುಸಿಗುಳಿಗೆಯ ವಾಸನೆ, ಹಿಂದೆ ಎಲ್ಲೋ ಅವಳ ಮದುವೆ ಸೀರೆಯ ಪ್ಲಾಸ್ಟಿಕ್ ಚೀಲ ಸರಪರ ಎಂದಿತು — ಅಲುಗಬಾರದು, ಫೋನಿನಲ್ಲಿ ಅದೂ ಕೇಳಿಸುತ್ತದೆ, ಸೆವೆರಿನ್ ಸ್ಟೂಲಿನ ಮೇಲೆ ಇನ್ನಷ್ಟು ಕುಗ್ಗಿ ಕೂತ. ಸ್ವೀಡನ್ನಿನ ಮಾಲ್ಮೋದ ಈ ಎರಡು ಕೋಣೆಯ ಮನೆಯಲ್ಲಿ ಹೊರಗಿನ ಸದ್ದು ಬಾರದ ಜಾಗ ಇದೊಂದೇ, ಬಟ್ಟೆ ತೂಗುಹಾಕುವ ಕಿರುಕೋಣೆ, ಬಾಗಿಲೆಳೆದುಕೊಂಡರೆ ಬೆಳಗಿನ ಹತ್ತೂವರೆಯೂ ಕತ್ತಲು, ನಿಮ್ಮ ಆಫೀಸು ನನ್ನ ಸೀರೆಗಳ ಮಧ್ಯ ಅಂತ ಅವಳು ನಗುತ್ತಾಳೆ, ನಗಲಿ. ಫೋನಿನ ದುಭಾಷಿ ಅವನು, ಕಿವಿಯೊಳಗೆ ರೈಲಿನಲ್ಲಿ ಮೂರು ಗಂಟೆ ದೂರದ ಆಸ್ಪತ್ರೆಯ ಕೋಣೆ ತೇಲುತ್ತಿದೆ, ಕುರ್ಚಿ ಎಳೆದ ಸದ್ದು, ಕಾಗದ ಮಗುಚಿದ ಸದ್ದು, ಡಾಕ್ಟರಮ್ಮನ ನಿಧಾನದ ಸ್ವೀಡಿಶ್, ಅವರೆದುರು ಟ್ರೋಲ್‌ಹೆಟ್ಟನ್ ಊರಿನಿಂದ ಬಂದ ಗಂಡ ಹೆಂಡತಿ, ಮಹೇಶ ಮತ್ತು ರಜನಿ, ಮುಖಗಳಿಲ್ಲ, ದನಿಗಳಷ್ಟೇ, ನೀರಿನಡಿಯಿಂದ ಯಾರೋ ಕರೆದ ಹಾಗೆ. ಎಡಗಡೆ, ಸರ್, ಇಲ್ಲಿ... ಅಂತ ರಜನಿ ಗಂಡು ದುಭಾಷಿಗೆ ನಾಚಿ ಅರ್ಧಕ್ಕೇ ನಿಲ್ಲಿಸಿದಾಗ ಡಾಕ್ಟರು ಕೈಯಿಟ್ಟಿರಬೇಕು, ಎಡ ಮೊಲೆ, ಇಲ್ಲೇನಾ ಎಂದು ಕೇಳಿದರು, ಹ್ಞೂಂ ಎಂದಳು, ಅವನು ಸ್ವೀಡಿಶ್‌ನಲ್ಲಿ ಹೇಳಿದ, ಹೌದು, ನನ್ನ ಎಡ ಮೊಲೆಯಲ್ಲಿ, ನನಗೆ ನೋವು. ನಿಯಮ ಅದು, ಮಾತಾಡಿದವರ ‘ನಾನು’ವನ್ನೇ ದುಭಾಷಿ ಆಡಬೇಕು, ‘ಯಾಗ್’ ಎಂಬ ಚಿಕ್ಕ ಸ್ವೀಡಿಶ್ ಪದ, ಐವತ್ತೇಳು ವರ್ಷದ ಮೀಸೆಯ ಕೆಳಗಿಂದ ಮೂವತ್ತೆಂಟರ ಹೆಂಗಸು ಮಾತಾಡುತ್ತಾಳೆ, ಈ ಕತ್ತಲಲ್ಲಿ ಮೀಸೆಯಾದರೂ ಎಲ್ಲಿದೆ, ತನ್ನ ಕೈಯೇ ತನಗೆ ಕಾಣದು, ನನಗೆ ಹೋದ ವರ್ಷ ಆಪರೇಷನ್ ಆಯಿತು, ನನಗೆ ಮತ್ತೆ ಬಂದಿದೆ, ನನ್ನ ಮಗಳು ಅದಿತಿಗೆ ಒಂಬತ್ತು ವರ್ಷ, ಮೊದಲ ಸಲ ಅವಳೇ ನನಗೆ ಡಾಕ್ಟರ ಮಾತು ಕನ್ನಡಕ್ಕೆ ಹೇಳಿದಳು — ಅಮ್ಮ, ಗಂಟಂತೆ, ಕೆಟ್ಟದಂತೆ, ಅಂದರೆ ಏನಮ್ಮ?

ಡಾಕ್ಟರು ಹೊಸ ಮಾತ್ರೆಯೊಂದರ ಅಧ್ಯಯನಕ್ಕೆ ಸೇರುವವರ ಒಪ್ಪಿಗೆಪತ್ರ ಓದುತ್ತಿದ್ದಾರೆ, ಹದಿನೆಂಟು ಪುಟ, ಸಾಲು ಓದಿ ನಿಲ್ಲುತ್ತಾರೆ, ಅವನು ಕನ್ನಡದಲ್ಲಿ ದಾಟಿಸುತ್ತಾನೆ, ಎಂದಿನ ಚಿಕಿತ್ಸೆ ಎಲ್ಲರಿಗೂ ಉಂಟು, ಅದರ ಜೊತೆ ಹೊಸ ಮಾತ್ರೆ ಅರ್ಧ ಜನಕ್ಕೆ, ಯಾರಿಗೆ ಎಂಬುದನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ, ಡಾಕ್ಟರೂ ಆರಿಸುವ ಹಾಗಿಲ್ಲ. ಆಗ ಮಹೇಶ ತಗ್ಗಿದ ದನಿಯಲ್ಲಿ, ಗೋಡೆಗೆ ಹೇಳಿಕೊಂಡ ಹಾಗೆ, ಬೇಡ ಅನ್ನು ರಜನಿ, ನಮ್ಮಂಥವರ ಮೇಲೆ ಎಕ್ಸ್‌ಪೆರಿಮೆಂಟ್ ಮಾಡ್ತಾರೆ ಅಷ್ಟೆ — ಸೆವೆರಿನ್‌ನ ನಾಲಿಗೆ ಒಂದು ಉಸಿರು ತಡೆಯಿತು, ಇದು ಗಂಡ ಹೆಂಡತಿಯ ಪಿಸುಮಾತು, ಬಿಟ್ಟರೆ ಯಾರಿಗೂ ಗೊತ್ತಾಗದು, ಬಿಟ್ಟಿದ್ದೂ ಇದೆ, ಎರಡು ವರ್ಷದ ಹಿಂದೆ, ಬೇರೆ ಊರು, ಬೇರೆ ಆಸ್ಪತ್ರೆ, ಕುಮಟಾ ಕಡೆಯ ಮಹಾಬಲೇಶ್ವರ ಎಂಬವರು, ಹೋಟೆಲಿನ ಅಡುಗೆಯವರು, ಹೊಟ್ಟೆಯಲ್ಲಿ ಗಡ್ಡೆ, ಅಲ್ಲಿನ ಡಾಕ್ಟರು ನರ್ಸಿಗೆ ಅಂದರು, ಒಂದು ಅಧ್ಯಯನ ಇದೆ, ಇವರಿಗೆ ಒಗ್ಗುತ್ತಿತ್ತು, ಆದರೆ ಸ್ವೀಡಿಶ್ ಓದಲು ಬರಬೇಕಲ್ಲ, ದುಭಾಷಿಗೆ ಅಂದರು, ಇದನ್ನು ಅನುವಾದಿಸುವುದು ಬೇಡ. ಏನಂದ್ರು ಸರ್, ಮಹಾಬಲೇಶ್ವರ ಕೇಳಿದರು. ಏನಿಲ್ಲ, ಅವರವರೇ ಮಾತಾಡ್ಕೊಂಡ್ರು. ಏನಿಲ್ಲ! ಅಷ್ಟು ಸಲೀಸಾಗಿ ಬಂತು ಬಾಯಿಗೆ, ಅವರು ಪಾಪ ಹೌದಾ ಎಂದರು, ಮುಂದಿನ ಬುಕಿಂಗು ರದ್ದಾಯಿತು, ಕಾರಣವನ್ನು ದುಭಾಷಿಗೆ ಯಾರೂ ಹೇಳುವುದಿಲ್ಲ, ರದ್ದು ಎಂಬ ಮೆಸೇಜು ಮಾತ್ರ — ಈಗ ಸೆವೆರಿನ್ ಬಾಯಿ ತೆರೆದು ಸ್ವೀಡಿಶ್‌ನಲ್ಲಿ ಪೂರ್ತಿ ಹೇಳಿದ, ಬೇಡ ಅನ್ನು, ನಮ್ಮಂಥವರ ಮೇಲೆ ಪ್ರಯೋಗ ಮಾಡುತ್ತಾರೆ. ಎಕ್ಸ್‌ಪೆರಿಮೆಂಟ್ ಸ್ವೀಡಿಶ್‌ನಲ್ಲೂ ಅದೇ ಪದ, ಮಹೇಶನಿಗೆ ಗೊತ್ತಾಯಿತು, ಆ ಕಡೆ ಕುರ್ಚಿ ಕಿರುಗುಟ್ಟಿತು. ಅದನ್ನ ಯಾಕ್ರೀ ಹೇಳಿದ್ರಿ? ಕನ್ನಡದವರಾಗಿ ನೀವೇ ಹೀಗೆ ಮಾಡಿದ್ರೆ? ಇದು ದುಭಾಷಿಯಾಗಿ ನಾನೇ ಹೇಳ್ತಿದ್ದೇನೆ, ಈ ಕೋಣೆಯಲ್ಲಿ ಆಡಿದ್ದೆಲ್ಲ ನಾನು ಹೇಳ್ಲೇಬೇಕು ಸರ್. ಡಾಕ್ಟರು ಸಿಟ್ಟಾಗಲಿಲ್ಲ, ಕೇಳಿದ್ದು ಒಳ್ಳೆಯದಾಯಿತು ಎಂದರು, ಈ ಅಧ್ಯಯನಕ್ಕೆ ಇಷ್ಟು ದಿನ ನಮ್ಮ ಭಾಷೆ ಬಲ್ಲವರನ್ನೇ ಕರೆದೆವು, ಉಳಿದವರನ್ನು ಕೇಳಲೇ ಇಲ್ಲ, ಆ ತಪ್ಪು ನಮ್ಮದು, ಈ ಮಾತ್ರೆ ನಿಮ್ಮ ಹೆಂಡತಿಯಂಥವರಿಗೆ ಹೇಗೆ ಒಗ್ಗುತ್ತದೆ ಎಂದು ಅದಕ್ಕೇ ನಮಗೆ ಸರಿಯಾಗಿ ಗೊತ್ತಿಲ್ಲ, ಗುಣವಾಗುತ್ತದೆ ಎಂದು ಮಾತು ಕೊಡಲಾರೆ, ನಿಮಗೆ ಹೇಳದೆ ಏನೂ ಮಾಡುವುದಿಲ್ಲ ಎಂದು ಕೊಡಬಲ್ಲೆ. ಮಹೇಶನ ದನಿ ಒಡೆಯಿತು, ಇವಳಿಗೇನಾದ್ರೂ ಆದ್ರೆ ಅದಿತಿನ ನಾನೊಬ್ನೇ ಹೇಗ್ರೀ ಸಾಕ್ಲಿ — ಈಗ ಆ ನಾನೂ ಸೆವೆರಿನ್‌ನೇ, ನಾನೊಬ್ಬನೇ ಹೇಗೆ ಸಾಕಲಿ, ಹೇಳಿ ಮುಗಿಸಿ ಮುಖವನ್ನು ಕೋಟಿನ ಉಣ್ಣೆಗೆ ಒತ್ತಿಕೊಂಡ, ಶರೋನಳ ಹೆಗಲು ಅಲ್ಲೇ ಇದ್ದಂತೆ.

ರೀ, ನೀವು ಸ್ವಲ್ಪ ಸುಮ್ನಿರಿ, ಅಂದಳು ರಜನಿ, ಎಷ್ಟು ಮೆಲ್ಲಗೆ ಅಂದರೆ ಅವನು ಫೋನನ್ನು ಕಿವಿಗೆ ಒತ್ತಬೇಕಾಯಿತು. ಮಧ್ಯದಲ್ಲಿ ಬೇಡ ಅನ್ಸಿದ್ರೆ ಬಿಡಬಹುದಾ? ಬಿಡಬಹುದು, ಯಾವತ್ತು ಬೇಕಾದರೂ, ಕಾರಣ ಹೇಳಬೇಕಿಲ್ಲ, ಎಂದಿನ ಚಿಕಿತ್ಸೆ ನಿಲ್ಲುವುದಿಲ್ಲ. ಅಷ್ಟು ದೂರ ಪ್ರತಿ ವಾರ ಬರೋದು? ರಕ್ತಪರೀಕ್ಷೆ ನಿಮ್ಮ ಊರಿನಲ್ಲೇ ಆಗುವ ಹಾಗೆ ಮಾಡುತ್ತೇವೆ. ಮತ್ತೆ... ಈ ಅಣ್ಣ ಇರ್ತಾರಾ ಪ್ರತಿ ಸಲ, ಕನ್ನಡಕ್ಕೆ? ಈ ಅಣ್ಣ — ಅದನ್ನು ಸ್ವೀಡಿಶ್‌ಗೆ ಏನೆಂದು ತರುವುದು, ಹೊಟ್ಟೆಯಲ್ಲಿ ಬಿಸಿಹಾಲು ಇಳಿದಂತಾಯಿತು, ‘ಈ ದುಭಾಷಿ’ ಎಂದ, ಎಂದಮೇಲೆ ಏನೋ ಕಳ್ಳತನ ಮಾಡಿದಂತೆನಿಸಿ, ನನ್ನನ್ನು ಅಣ್ಣ ಎಂದು ಕರೆದರು ಎಂದೂ ಸೇರಿಸಿದ, ಡಾಕ್ಟರು ನಕ್ಕರು, ಇವರೇ ಅಂತ ಹೇಳಲಾರೆ, ಕನ್ನಡದವರು ಒಬ್ಬರಂತೂ ಇರುತ್ತಾರೆ. ನಿಮಗೇನು ಬೇಕು, ರಜನಿ? ದಾಟಿಸಿದ, ನಿಮಗೇನು ಬೇಕು, ರಜನಿ. ಮೌನ, ಮೌನವನ್ನು ಯಾವ ಭಾಷೆಗೂ ತರಬೇಕಿಲ್ಲ, ಕಾಯಬೇಕು, ಯಾರದೋ ಉಸಿರು, ದೂರದ ಗಾಲಿಮಂಚ. ಸೇರ್ತೀನಿ. ನಾನು ಸೇರುತ್ತೇನೆ, ಎಂದ, ನಾನು. ಯಾವ ಲಿಪಿಯಲ್ಲಾದರೂ ಸಹಿ ಮಾಡಬಹುದು ಎಂದರು ಡಾಕ್ಟರು, ಕನ್ನಡದಲ್ಲೇ ಮಾಡ್ಲಾ, ಮಾಡಿ, ಪೆನ್ನಿನ ಚಿಟಿಕೆ ಸದ್ದು, ಆಮೇಲೆ ಕಾಗದದ ಮೇಲೆ ಅದು ಓಡಿತು, ಅವನು ಕತ್ತಲಲ್ಲಿ ಕಣ್ಣು ಮುಚ್ಚಿ ಕೇಳಿದ, ದುಂಡಗೆ ಸುತ್ತಿ ಬಂದದ್ದು ರ, ನಿಂತಿತು, ಕೈ ಒರೆಸಿಕೊಂಡಳೋ ಏನೋ, ಮತ್ತೆ ಓಡಿತು, ಜ, ನಿ. ಥ್ಯಾಂಕ್ಸ್ ಕಣಣ್ಣ. ಕರೆ ಮುಗಿಯಿತು. ಕತ್ತಲಲ್ಲೇ ತಡವಿ ಗೀಚಿದ ಟಿಪ್ಪಣಿಯ ಹಾಳೆ ಹರಿಯಬೇಕು, ಹರಿದ, ಹೆಸರು ಮರೆಯಬೇಕು, ಅದೂ ನಿಯಮ, ಕಂಪ್ಯೂಟರಿನ ಚೀಟಿ ಅವಳನ್ನು ಯಾವ ಅರ್ಧಕ್ಕೆ ಹಾಕಿತು ಎಂದು ಯಾರೂ ತಿಳಿಸುವುದಿಲ್ಲ, ಎದ್ದು ಬಾಗಿಲು ತೆರೆಯಬೇಕು, ಹನ್ನೆರಡಕ್ಕೆ ಇನ್ನೊಂದು ಕರೆ, ಏಳಬೇಕು, ಆದರೆ ಆ ದುಂಡು, ಹದಿನೆಂಟನೇ ಪುಟದ ಕೊನೆಯಲ್ಲಿ ಇನ್ನೂ ಆರದ ಮಸಿಯ ಆ ದುಂಡು, ಅವನೆಂದೂ ನೋಡದ ಆ ರ —